ಬೆಟ್ಟದೂರಿನ ಭಂಗಿ ಸುಗ್ಗಿ: ಕಾಣುವುದೆಷ್ಟು, ಕಾಣದಿರುವುದೆಷ್ಟು

ಮೈಸೂರಿನಲ್ಲಿ ಜಂಬೂಸವಾರಿಯೊಂದಿಗೆ ದಸರೆ ಮುಗಿಯುವ ವಿಜಯದಶಮಿಯ ದಿನವೇ ದೂರದ ಹಿಮಾಚಲ ಪ್ರದೇಶದ ಕುಲ್ಲು ಪಟ್ಟಣದಲ್ಲಿ ದಸರೆ ಮೊದಲಾಗುತ್ತದೆ. ಸುತ್ತಲಿನ ಕಣಿವೆಗಳ ಜನ ತಮ್ಮ ಊರ ದೇವರುಗಳನ್ನು ಹೊತ್ತು ಬೆಟ್ಟ ಇಳಿದು ಬರುತ್ತಾರೆ. ಇದೇ ದಿನಗಳಲ್ಲಿ ಬೇರೊಂದು ಬಗೆಯ ಜನ ಬೆಟ್ಟ ಹತ್ತುತ್ತಿರುತ್ತಾರೆ. ಕೂಲಿಗೆ ಹೋಗುವವರು, ಮಾಲು ಕೊಳ್ಳುವವರು, ಕುತೂಹಲದ ಪ್ರವಾಸಿಗಳು, ಇವರೆಲ್ಲರ ಹಿಂದೆ ಪೊಲೀಸರು. ಏಕೆಂದರೆ ಸೆಪ್ಟೆಂಬರ್ ತಿಂಗಳ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ ಅಲ್ಲಿ ಭಂಗಿ ಗಿಡದ ಸುಗ್ಗಿ.

ಸೇಬಿನ ತೋಟಗಳನ್ನು ನೋಡಲು ನಮ್ಮ ರಾಜ್ಯದ ರೈತರೂ ವಿಸ್ತರಣಾ ಕಾರ್ಯಕರ್ತರೂ ಕುಲ್ಲು ಕಡೆಗೆ ಅಧ್ಯಯನ ಪ್ರವಾಸ ಹೋಗುವುದುಂಟು. ಮರಳಿ ಬಂದ ಮೇಲೆ ಕೆಲವರು ಕೇಳುವ ಪ್ರಶ್ನೆ ಇದು: "ಅಲ್ಲಿ ದಾರಿಯ ಬದಿಯಲ್ಲೇ ಬೆಳೆಯುವ ಗಿಡವನ್ನು ನಾವು ಏಕೆ ಬೆಳೆಯಬಾರದು? ಸರ್ಕಾರವೇ ಪರವಾನಗಿ ಕೊಡುತ್ತದೆಯಂತಲ್ಲ?" ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ಗಿಡ ಯಾವುದು, ಸುಗ್ಗಿ ಹೇಗೆ, ಅದರ ಫಲ ಯಾರ ಕೈಗೆ ಹೋಗುತ್ತದೆ, ಕಾನೂನು ಏನು ಹೇಳುತ್ತದೆ ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಊರಿಗೆ ಹೋಗುವ ದಾರಿ

ಕುಲ್ಲು ಪಟ್ಟಣಕ್ಕೆ ಸಮೀಪದ ಭುಂತರ್ ಎಂಬಲ್ಲಿ ಪಾರ್ವತಿ ನದಿ ಬಿಯಾಸ್ ನದಿಯನ್ನು ಸೇರುತ್ತದೆ. ಅಲ್ಲಿಂದ ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಮಣಿಕರಣಕ್ಕೆ ಸುಮಾರು 35 ಕಿಲೋಮೀಟರ್. ಅರ್ಧ ದಾರಿ ದಾಟಿದರೆ ಜರೀ ಎಂಬ ಊರು. ಜರೀಯಿಂದ ಬಲು ಕಡಿದಾದ ಕಣಿವೆಯಲ್ಲಿ ಮೇಲೆ ಹೋದರೆ ಮಲಾನಾ ಸಿಗುತ್ತದೆ. ಸಮುದ್ರ ಮಟ್ಟದಿಂದ 2,600 ಮೀಟರಿಗೂ ಮೇಲಿರುವ ಈ ಹಳ್ಳಿಯ ಜನರ ಮಾತು ಕನಾಶಿ. ಅಕ್ಕಪಕ್ಕದ ಊರುಗಳವರಿಗೂ ಅದು ತಿಳಿಯುವುದಿಲ್ಲ. ಊರ ದೇವತೆ ಜಮ್ಲು. ಊರಿನ ವ್ಯಾಜ್ಯಗಳನ್ನು ಹಿರಿಯರ ಸಭೆಯೇ ದೇವರ ಹೆಸರಿನಲ್ಲಿ ತೀರ್ಮಾನಿಸುವುದು ಅಲ್ಲಿನ ಹಳೆಯ ಪದ್ಧತಿ.

ಬಹುಕಾಲ ಈ ಊರಿಗೆ ಕಾಲುದಾರಿಯೊಂದೇ ಆಧಾರವಾಗಿತ್ತು. 2001ರಲ್ಲಿ ಮಲಾನಾ ಹೊಳೆಯ ಮೇಲೆ 86 ಮೆಗಾವಾಟ್ ಜಲವಿದ್ಯುತ್ ಕೇಂದ್ರ ಕೆಲಸ ಆರಂಭಿಸಿತು. ಅಂತಹ ಕಾಮಗಾರಿಗಳೊಂದಿಗೆ ರಸ್ತೆಯೂ ಊರಿನ ಸಮೀಪಕ್ಕೆ ಬಂದಿತು. ಆದರೆ ಬೆಟ್ಟದ ರಸ್ತೆಗೆ ಭರವಸೆ ಇಲ್ಲ. 2024ರ ಜುಲೈ 31ರ ರಾತ್ರಿ ಸುರಿದ ಭಾರಿ ಮಳೆಗೆ ಹೊಳೆ ಉಕ್ಕಿ ಅಣೆಕಟ್ಟೆಗೂ ರಸ್ತೆಗೂ ಹಾನಿಯಾಗಿ ಊರು ಮತ್ತೆ ಹೊರಗಿನ ಸಂಪರ್ಕ ಕಳೆದುಕೊಂಡಿತು.

ದಾರಿಯ ಈ ಕಷ್ಟವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಬೆಟ್ಟದ ರೈತ ಏನು ಬೆಳೆಯುತ್ತಾನೆ ಎಂಬುದನ್ನು ಅವನ ಮಣ್ಣಿಗಿಂತ ಅವನ ರಸ್ತೆಯೇ ಹೆಚ್ಚಾಗಿ ನಿರ್ಧರಿಸುತ್ತದೆ. ಸೇಬಿನ ಪೆಟ್ಟಿಗೆ ಭಾರ. ರಸ್ತೆ ಕುಸಿದು ನಾಲ್ಕು ದಿನ ಲಾರಿ ನಿಂತರೆ ಹಣ್ಣು ಹಾಳಾಗುತ್ತದೆ. ತೂಕ ಕಡಿಮೆ, ಬೆಲೆ ಹೆಚ್ಚು, ಕೆಡುವುದಿಲ್ಲ ಎನ್ನುವಂತಹ ಮಾಲು ಇದ್ದರೆ ಅದು ಕಾಲುದಾರಿಯಲ್ಲೂ ಸಾಗುತ್ತದೆ. ನಮ್ಮ ಮಲೆನಾಡಿನಲ್ಲಿ ರಸ್ತೆಗಳಿಲ್ಲದ ಕಾಲಕ್ಕೆ ಏಲಕ್ಕಿ ತಲೆಹೊರೆಯಲ್ಲಿ ಘಟ್ಟ ದಾಟಿದ್ದೂ ಇದೇ ಕಾರಣಕ್ಕೆ.

ಗಿಡದ ಪರಿಚಯ

ಭಂಗಿಯು ಒಂದೇ ವರ್ಷ ಬಾಳುವ ಗಿಡ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಕ್ಯಾನಬಿಸ್ ಸಟೈವ ಎಂದು ಹೆಸರು. ಪಪ್ಪಾಯಿಯಲ್ಲಿರುವಂತೆ ಇದರಲ್ಲಿಯೂ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಗಂಡು ಗಿಡದ ಪರಾಗ ಗಾಳಿಯಲ್ಲಿ ತೇಲಿ ಬಹುದೂರ ಹೋಗುತ್ತದೆ. ಬೆಟ್ಟಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿತ್ತನೆಯಾಗುತ್ತದೆ. ಹಗಲಿನ ಅವಧಿ ಕುಗ್ಗಿದಾಗ ಮಾತ್ರ ಹೂ ಬಿಡುವುದು ಇದರ ಗುಣ. ನಮ್ಮ ಹಳೆಯ ನಾಟಿ ಅವರೆಯನ್ನು ಯಾವಾಗ ಬಿತ್ತಿದರೂ ಚಳಿಗಾಲ ಹತ್ತಿರವಾಗುವವರೆಗೆ ಹೂ ಕಟ್ಟದಿರುವುದನ್ನು ರೈತರು ಬಲ್ಲರು. ಭಂಗಿಯದೂ ಅದೇ ಸ್ವಭಾವ. ಆದ್ದರಿಂದಲೇ ಕಣಿವೆಯ ಎಲ್ಲ ಊರುಗಳಲ್ಲೂ ಸುಗ್ಗಿ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬಂದು, ಕೆಲವೇ ವಾರಗಳಲ್ಲಿ ಮುಗಿಯುತ್ತದೆ.

ಈ ಗಿಡದಿಂದ ಮೂರು ಬಗೆಯ ಫಲವುಂಟು: ಕಾಂಡದ ತೊಗಟೆಯ ನಾರು, ಬೀಜ ಮತ್ತು ಹೆಣ್ಣು ಹೂಗೊಂಚಲಿನ ಮೇಲೆ ಒಸರುವ ಅಂಟು. ಹೂಗೊಂಚಲನ್ನು ಒಣಗಿಸಿದರೆ ಗಾಂಜಾ, ಅಂಟನ್ನು ಬೇರ್ಪಡಿಸಿದರೆ ಚರಸ್. ಅಮಲು ಹುಟ್ಟಿಸುವ ರಾಸಾಯನಿಕವನ್ನು ಸಂಕ್ಷೇಪವಾಗಿ ಟಿ.ಎಚ್.ಸಿ. ಎಂದು ಕರೆಯುತ್ತಾರೆ. ಇದು ಅಂಟಿನಲ್ಲಿ ಹೆಚ್ಚು, ಎಲೆಯಲ್ಲಿ ಕಡಿಮೆ. ಕಾಳಿನ ಒಳಗಿನ ತಿರುಳಿನಲ್ಲಿ ಇಲ್ಲವೇ ಇಲ್ಲವೆನ್ನುವಷ್ಟು ಅತ್ಯಲ್ಪ.

ಹಳೆಯ ಸುಗ್ಗಿ: ನಾರು ಮತ್ತು ಬೀಜ

ಹಿಮಾಲಯದ ರೈತರಿಗೆ ಭಂಗಿ ಹೊಸ ಬೆಳೆಯಲ್ಲ. ಇಂದಿನ ಉತ್ತರಾಖಂಡದ ಗಢವಾಲ ಮತ್ತು ಕುಮಾವೂಂ ಪ್ರದೇಶಗಳಲ್ಲಿ ಇದು ತಲೆತಲಾಂತರದಿಂದ ಮನೆಬಳಕೆಯ ಬೆಳೆ. ಬ್ರಿಟಿಷ್ ಸರ್ಕಾರ 1893ರಲ್ಲಿ ನೇಮಿಸಿದ ಭಾರತೀಯ ಭಂಗಿ ಮಾದಕ ವಸ್ತುಗಳ ಆಯೋಗದ ವರದಿಯಲ್ಲೂ ಬೆಟ್ಟಗಳ ಈ ನಾರು ಬೇಸಾಯದ ಪ್ರಸ್ತಾಪವಿದೆ.

ನಾರಿಗಾಗಿ ಬೆಳೆಯುವವರು ಗಿಡಗಳನ್ನು ಒತ್ತಾಗಿ ಬೆಳೆಸುತ್ತಾರೆ. ಒತ್ತಾಗಿದ್ದರೆ ಕಾಂಡ ಕವಲೊಡೆಯದೆ ನೇರವಾಗಿ ಎತ್ತರಕ್ಕೆ ಹೋಗುತ್ತದೆ. ಗಂಡು ಗಿಡಗಳು ಪರಾಗ ಉದುರಿಸಿದ ಮೇಲೆ ಬೇಗ ಒಣಗುತ್ತವೆ. ಅವನ್ನು ಮೊದಲು ಕೊಯ್ಯುತ್ತಾರೆ; ಅವುಗಳ ನಾರು ನಯ. ಹೆಣ್ಣು ಗಿಡಗಳನ್ನು ಬೀಜ ಬಲಿಯುವವರೆಗೆ ಬಿಡುತ್ತಾರೆ. ಅವುಗಳ ನಾರು ಒರಟು. ಕೊಯ್ದ ಕಾಂಡಗಳನ್ನು ಒಣಗಿಸಿ, ಕಟ್ಟು ಕಟ್ಟಿ, ಹೊಂಡದ ನೀರಿನಲ್ಲಿ ಕಲ್ಲು ಹೇರಿ ಮುಳುಗಿಸುತ್ತಾರೆ. ಎರಡು ವಾರಗಳ ಆಸುಪಾಸಿನಲ್ಲಿ ತೊಗಟೆ ಕೊಳೆತು ನಾರು ಸಡಿಲವಾಗುತ್ತದೆ. ಅನಂತರ ಸುಲಿದು, ಬಡಿದು, ತೊಳೆದು ಒಣಗಿಸುತ್ತಾರೆ. ನಮ್ಮಲ್ಲಿ ಪುಂಡಿಯಿಂದಲೂ ಸೆಣಬಿನಿಂದಲೂ ನಾರು ತೆಗೆಯುವುದನ್ನು ಕಂಡವರಿಗೆ ಈ ಕೆಲಸದಲ್ಲಿ ಹೊಸದೇನೂ ಕಾಣದು.

ಈ ನಾರಿನಿಂದ ಹಗ್ಗ, ಚೀಲ ಹಾಗೂ 'ಭಂಗೇಲಾ' ಎಂಬ ದಪ್ಪ ಬಟ್ಟೆ ಸಿದ್ಧವಾಗುತ್ತಿದ್ದವು. ಕುಲ್ಲು ಕಡೆಯಲ್ಲಿ 'ಪೂಲಾ' ಎಂಬ ಹೆಣೆದ ಪಾದರಕ್ಷೆ ಮಾಡುತ್ತಾರೆ. ಚರ್ಮ ಬಳಸದ ಕಾರಣ ದೇವರ ಕೆಲಸದ ವೇಳೆಯಲ್ಲಿಯೂ ಅದನ್ನು ಮೆಟ್ಟುವುದುಂಟು. ಬೀಜ ಅಡುಗೆಮನೆಗೆ ಸೇರುತ್ತದೆ. ಕುಮಾವೂಂನಲ್ಲಿ ಹುರಿದ ಬೀಜವನ್ನು ಮೆಣಸಿನಕಾಯಿ, ನಿಂಬೆರಸದೊಂದಿಗೆ ಅರೆದು ಚಟ್ನಿ ಮಾಡುತ್ತಾರೆ. ಕೆಸವಿನ ಗೆಡ್ಡೆಯ ಪಲ್ಯಕ್ಕೂ ಬೀಜವನ್ನು ಅರೆದು ಹಾಕುತ್ತಾರೆ. ಬೀಜದಲ್ಲಿ ಎಣ್ಣೆಯ ಅಂಶ ಶೇಕಡಾ 30ರ ಆಸುಪಾಸು, ಸಸಾರಜನಕ ಶೇಕಡಾ 25ರ ಆಸುಪಾಸು ಇರುವುದರಿಂದ ಚಳಿನಾಡಿನ ಬಡಕುಟುಂಬಕ್ಕೆ ಇದು ಒಳ್ಳೆಯ ಆಹಾರವೇ. ಈ ಚಟ್ನಿ ತಿಂದರೆ ಅಮಲೇರುವುದಿಲ್ಲ.

ಹೊಸ ಸುಗ್ಗಿ: ಅಂಟು

ಪ್ಲಾಸ್ಟಿಕ್ ಹಗ್ಗ ಮತ್ತು ಗಿರಣಿ ಬಟ್ಟೆ ಬಂದ ಮೇಲೆ ನಾರಿಗೆ ಬೆಲೆ ಉಳಿಯಲಿಲ್ಲ. ಅದೇ ಸುಮಾರಿಗೆ, 1970ರ ದಶಕದಿಂದೀಚೆಗೆ, ಚರಸ್ ಹುಡುಕಿಕೊಂಡು ಹೊರಗಿನವರು ಕುಲ್ಲು ಕಣಿವೆಗಳಿಗೆ ಬರತೊಡಗಿದರು. ಮನೆಯ ಹಿತ್ತಿಲಿನ ಗಿಡಕ್ಕೆ ಹೊರಗಿನ ಮಾರುಕಟ್ಟೆ ಹುಟ್ಟಿಕೊಂಡಿತು.

ಈ ಸುಗ್ಗಿಯಲ್ಲಿ ಕುಡುಗೋಲಿಲ್ಲ, ಕಣವಿಲ್ಲ. ಗಿಡ ನಿಂತಿರುವಂತೆಯೇ ಹೂಗೊಂಚಲನ್ನು ಅಂಗೈಗಳ ನಡುವೆ ಉಜ್ಜುತ್ತಾರೆ. ಕೈಗೆ ಹತ್ತಿದ ಕಪ್ಪು ಅಂಟೇ ಚರಸ್. ಬೆಳಗಿನಿಂದ ಸಂಜೆಯವರೆಗೆ ನಿಂತು ದುಡಿದರೂ ಒಬ್ಬ ಆಳಿಗೆ ದೊರೆಯುವುದು ಕೆಲವೇ ಗ್ರಾಂ. ಇದರ ತೂಕ ಇಂದಿಗೂ ತೊಲದ ಲೆಕ್ಕದಲ್ಲಿ. ಹಳೆಯ ತೊಲವೆಂದರೆ 11.66 ಗ್ರಾಂ, ಈ ವ್ಯಾಪಾರದಲ್ಲಿ 10 ಗ್ರಾಂ. ಮನೆಯವರ ಕೈ ಸಾಲದಾದಾಗ ನೇಪಾಳದಿಂದಲೂ ಬೇರೆಡೆಗಳಿಂದಲೂ ಬಂದ ಕೂಲಿಗಳು ಸೇರುತ್ತಾರೆ.

ಗಿಡವಿರುವ ಜಾಗವೂ ಬದಲಾಯಿತು. ಸ್ವಂತ ಜಮೀನಿನಲ್ಲಿ ಬೆಳೆದರೆ ಪಹಣಿಯಲ್ಲಿ ಹೆಸರಿದ್ದವನು ಸಿಕ್ಕಿಬೀಳುತ್ತಾನೆ. ಆದ್ದರಿಂದ ಸಾಗುವಳಿ ಊರಿನಿಂದ ಮೇಲಕ್ಕೆ, ಕಾಡಿನೊಳಕ್ಕೆ, ಸರ್ಕಾರಿ ಜಾಗಕ್ಕೆ ಸರಿಯಿತು. ಸುಗ್ಗಿಗೆ ಮುಂಚೆ ಪೊಲೀಸರೂ ಅರಣ್ಯ ಮತ್ತು ಕಂದಾಯ ಇಲಾಖೆಯವರೂ ಬೆಟ್ಟ ಹತ್ತಿ ಗಿಡ ಕಿತ್ತುಹಾಕುತ್ತಾರೆ. ಮರುವರ್ಷ ಗಿಡ ಇನ್ನೂ ಮೇಲಿನ ಇಳಿಜಾರಿನಲ್ಲಿ ಏಳುತ್ತದೆ. ಇಳಿಜಾರಿನಲ್ಲಿ ಮರ ಕಡಿದು ನೆಲ ಬಿಡಿಸಿದರೆ ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ಫಲ ಯಾರಿಗೆ?

ಪ್ರವಾಸಿಯ ಕಣ್ಣಿಗೆ ಬೀಳುವುದು ದುಡ್ಡು ಮಾತ್ರ. ಹೊಸ ಮನೆ, ಮೇಲೊಂದು ತಗಡಿನ ಮಾಡು, ಕೈಯಲ್ಲೊಂದು ಮೊಬೈಲು. ಆದರೆ ಬೇಸಾಯದ ಲೆಕ್ಕವನ್ನು ಆದಾಯದ ಕಡೆಯಿಂದಷ್ಟೇ ಬರೆಯಲಾಗದು.

ಮೊದಲನೆಯದಾಗಿ, ಬೆಲೆ ಕಟ್ಟುವವನು ರೈತನಲ್ಲ. ಕಳ್ಳಮಾಲಿಗೆ ಮಂಡಿಯಿಲ್ಲ, ಹರಾಜಿಲ್ಲ, ರಸೀದಿಯಿಲ್ಲ. ಕೊಳ್ಳುವವನು ಹೇಳಿದ್ದೇ ಬೆಲೆ. ಹಣ ಕೊಡದೆ ಹೋದರೆ ದೂರು ಕೊಡಲು ಜಾಗವಿಲ್ಲ. ಅದೇ ಮಾಲು ಒಂದೊಂದು ಕೈ ದಾಟಿದಂತೆಲ್ಲ ಬೆಲೆ ಏರುತ್ತದೆ. ಆ ಏರಿಕೆ ಬೆಟ್ಟಕ್ಕೆ ಮರಳಿ ಬರುವುದಿಲ್ಲ.

ಎರಡನೆಯದಾಗಿ, ಊಟದ ಬೆಳೆ ಹೋಗುತ್ತದೆ. ಕೋಡು ಗೋಧಿ, ದಂಟಿನ ಕಾಳು, ಬಾರ್ಲಿ, ರಾಜ್ಮಾ ಬೆಳೆಯುತ್ತಿದ್ದ ಪಟ್ಟೆಗಳಲ್ಲಿ ಅವುಗಳ ಬಿತ್ತನೆ ತಪ್ಪಿದರೆ ಬೀಜವೂ ತಪ್ಪುತ್ತದೆ. ಒಂದು ತಲೆಮಾರು ಬಿತ್ತದ ನಾಟಿ ತಳಿಯನ್ನು ಮತ್ತೆ ಹುಡುಕಿ ತರುವುದು ಕಷ್ಟ. ಬೆಟ್ಟದ ಮೇಲಿನ ಕುಟುಂಬ ಕೆಳಗಿನಿಂದ ಬರುವ ಅಕ್ಕಿ ಹಿಟ್ಟಿಗೆ ಕಾಯಬೇಕಾಗುತ್ತದೆ. ರಸ್ತೆ ಕುಸಿದ ವರ್ಷ ಇದರ ಅರ್ಥ ತಿಳಿಯುತ್ತದೆ.

ಮೂರನೆಯದಾಗಿ, ಚಟ. ಮಾಲು ಮನೆಯಲ್ಲಿದ್ದರೆ ಮನೆಯ ಮಕ್ಕಳ ಕೈಗೂ ಸಿಗುತ್ತದೆ. ಸುಗ್ಗಿಯ ವಾರಗಳಲ್ಲಿ ಶಾಲೆ ಬಿಟ್ಟು ಗಿಡ ಉಜ್ಜಲು ಹೋದ ಹುಡುಗ ಮತ್ತೆ ಶಾಲೆಗೆ ಮರಳುವನೆಂಬ ಖಾತ್ರಿ ಇಲ್ಲ.

ನಾಲ್ಕನೆಯದಾಗಿ, ಸೆರೆಮನೆ. ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಕಾನೂನು ಏನು ಹೇಳುತ್ತದೆ?

ಮಾದಕ ದ್ರವ್ಯಗಳು ಮತ್ತು ಅಮಲು ಪದಾರ್ಥಗಳ ಅಧಿನಿಯಮ 1985ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಇದರ ಪ್ರಕಾರ ಕ್ಯಾನಬಿಸ್ ಕುಲಕ್ಕೆ ಸೇರಿದ ಯಾವ ಗಿಡವಾದರೂ ಭಂಗಿ ಗಿಡವೇ. "ನನ್ನದು ನಾರಿನ ಜಾತಿ, ಅಮಲಿನದಲ್ಲ" ಎಂಬ ಮಾತು ಪರವಾನಗಿಯಿಲ್ಲದೆ ನಿಲ್ಲುವುದಿಲ್ಲ. ಹೂಗೊಂಚಲಿನಿಂದ ಬೇರ್ಪಟ್ಟ ಬೀಜ ಮತ್ತು ಎಲೆ 'ಗಾಂಜಾ' ಎಂಬ ಪದದ ಅರ್ಥದಲ್ಲಿ ಸೇರುವುದಿಲ್ಲ ನಿಜ. ಆದರೆ ಗಿಡ ಬೆಳೆಸುವುದೇ ಬೇರೆ ಅಪರಾಧ. ಅದಕ್ಕೆ 10 ವರ್ಷಗಳವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ಸಾಗಿಸುವವರ ಶಿಕ್ಷೆ ತೂಕದಂತೆ ಏರುತ್ತದೆ. ಚರಸ್‌ನಲ್ಲಿ 100 ಗ್ರಾಂವರೆಗೆ, ಅಂದರೆ ಹತ್ತು ತೊಲದವರೆಗೆ, ಅಲ್ಪ ಪ್ರಮಾಣ. 1 ವರ್ಷದವರೆಗೆ ಸಜೆ. ಅದಕ್ಕೆ ಮೇಲ್ಪಟ್ಟು 1 ಕಿಲೋದವರೆಗೆ ಇದ್ದರೆ 10 ವರ್ಷಗಳವರೆಗೆ. 1 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ. ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ. ಗಾಂಜಾದಲ್ಲಿ ಈ ಮಿತಿಗಳು ಕ್ರಮವಾಗಿ 1 ಕಿಲೋ ಮತ್ತು 20 ಕಿಲೋ. "ಗಂಟಿನಲ್ಲಿ ಏನಿತ್ತೋ ನನಗೆ ತಿಳಿಯದು, ಯಾರೋ ಕೊಟ್ಟರು" ಎಂದರೆ ಸಾಲದು. ತಿಳಿದೇ ಇಟ್ಟುಕೊಂಡಿದ್ದನೆಂದು ನ್ಯಾಯಾಲಯ ಭಾವಿಸುತ್ತದೆ. ತಿಳಿದಿರಲಿಲ್ಲವೆಂದು ಸಾಬೀತುಪಡಿಸುವ ಹೊಣೆ ಆರೋಪಿಯದು.

ಪರವಾನಗಿಯ ಬೇಸಾಯ

ಇದೇ ಅಧಿನಿಯಮದಲ್ಲಿ ಇನ್ನೊಂದು ಬಾಗಿಲೂ ಇದೆ. ನಾರು ಅಥವಾ ಬೀಜದ ಕೈಗಾರಿಕಾ ಉದ್ದೇಶಕ್ಕಾಗಿ ಷರತ್ತುಗಳೊಡನೆ ಸಾಗುವಳಿಗೆ ಅನುಮತಿ ನೀಡುವ ಅವಕಾಶವಿದೆ. 1961ರ ಅಂತರರಾಷ್ಟ್ರೀಯ ಒಪ್ಪಂದವೂ ನಾರು ಮತ್ತು ಬೀಜಕ್ಕಾಗಿ ನಡೆಯುವ ಸಾಗುವಳಿಯನ್ನು ತನ್ನ ನಿಯಂತ್ರಣದಿಂದ ಹೊರಗಿಟ್ಟಿದೆ. ಈ ಅವಕಾಶ ಬಳಸಿಕೊಂಡು 2018ರಲ್ಲಿ ಉತ್ತರಾಖಂಡ ಸರ್ಕಾರ ಕೈಗಾರಿಕಾ ಭಂಗಿಯ ಬೇಸಾಯಕ್ಕೆ ದೇಶದಲ್ಲೇ ಮೊದಲ ಪರವಾನಗಿ ನೀಡಿತು. ಗಿಡದಲ್ಲಿ ಟಿ.ಎಚ್.ಸಿ. ಶೇಕಡಾ 0.3 ಮೀರಬಾರದೆಂಬುದು ಮುಖ್ಯ ಷರತ್ತು. 2021ರ ನವೆಂಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು ಭಂಗಿ ಬೀಜ, ಬೀಜದ ಎಣ್ಣೆ ಮತ್ತು ಹಿಟ್ಟನ್ನು ಮಿತಿಗಳೊಂದಿಗೆ ಆಹಾರವೆಂದು ಒಪ್ಪಿತು. ಹಿಮಾಚಲ ಪ್ರದೇಶದಲ್ಲಿ 2023ರಲ್ಲಿ ಸಮಿತಿ ನೇಮಕವಾಯಿತು. 2024ರಲ್ಲಿ ಅದರ ವರದಿಯನ್ನು ವಿಧಾನಸಭೆ ಅಂಗೀಕರಿಸಿತು. 2025ರ ಜನವರಿಯಲ್ಲಿ ಪಾಲಂಪುರದ ಕೃಷಿ ವಿಶ್ವವಿದ್ಯಾನಿಲಯ ಹಾಗೂ ನೌಣಿಯ ತೋಟಗಾರಿಕೆ ಮತ್ತು ಅರಣ್ಯ ವಿಶ್ವವಿದ್ಯಾನಿಲಯಗಳ ಮೂಲಕ ಪ್ರಾಯೋಗಿಕ ಅಧ್ಯಯನ ನಡೆಸಲು ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು.

ಕಾಗದದ ಮೇಲೆ ಸುಲಭವೆನಿಸಿದರೂ ಹೊಲದಲ್ಲಿ ಮೂರು ತೊಡಕುಗಳಿವೆ. ಒಂದು, ಬೀಜ. ಬೆಟ್ಟದ ನಾಟಿ ಗಿಡಗಳಲ್ಲಿ ಟಿ.ಎಚ್.ಸಿ. ಈ ಮಿತಿಯನ್ನು ಮೀರುವುದೇ ಹೆಚ್ಚು. ಮಿತಿಯೊಳಗಿನ ಬೀಜ ಸಿಗದೆ ಬಿತ್ತುವಂತಿಲ್ಲ. ಎರಡು, ಗಾಳಿ. ಕಡಿಮೆ ಟಿ.ಎಚ್.ಸಿ. ತಳಿಯನ್ನು ಬಿತ್ತಿದರೂ ಹತ್ತಿರದ ಕಾಡುಗಿಡದ ಪರಾಗ ಬಂದು ಕೂಡಿದರೆ, ಆ ಬೀಜದಿಂದ ಬೆಳೆದ ಮುಂದಿನ ಪೀಳಿಗೆ ಮಿತಿ ಮೀರಬಹುದು. ಆದ್ದರಿಂದ ರೈತ ತನ್ನ ಬೀಜವನ್ನು ತಾನೇ ಎತ್ತಿಡುವಂತಿಲ್ಲ. ಮೂರು, ಗಿರಾಕಿ. ನಾರು ಸುಲಿಯುವ ಯಂತ್ರ, ಬೀಜ ಸಿಪ್ಪೆ ತೆಗೆಯುವ ಘಟಕ ಹತ್ತಿರದಲ್ಲಿಲ್ಲದಿದ್ದರೆ ಒಣಗಿದ ಕಾಂಡದ ಹೊರೆ ಹೊರುವ ಕೂಲಿಯೇ ಬೆಲೆಯನ್ನು ನುಂಗುತ್ತದೆ. ಅಂಟಿನ ಮಾಲು ಜೇಬಿನಲ್ಲಿ ಇಳಿಯುತ್ತದೆ. ನಾರು ತಲೆಹೊರೆಯಲ್ಲಿ ಇಳಿಯಬೇಕು. ಬೆಟ್ಟದ ರೈತನನ್ನು ಹಳೆಯ ಸುಗ್ಗಿಗೆ ಮರಳಿಸಬೇಕಾದರೆ ಈ ಹೊರೆಯನ್ನು ಇಳಿಸುವ ದಾರಿ ಮೊದಲು ಕಾಣಬೇಕು. ಪರವಾನಗಿ ಕಾಗದವೊಂದೇ ಆ ಕೆಲಸ ಮಾಡದು.

ನಮ್ಮ ರೈತರು ಗಮನಿಸಬೇಕಾದದ್ದು

ಹತ್ತಿ, ಮುಸುಕಿನ ಜೋಳ, ಮೆಣಸಿನಕಾಯಿ ಬೆಳೆಗಳ ನಡುವೆ ಗಾಂಜಾ ಗಿಡ ಪತ್ತೆಯಾದ ಪ್ರಕರಣಗಳು ನಮ್ಮ ರಾಜ್ಯದಲ್ಲಿಯೂ ವರದಿಯಾಗುತ್ತಿವೆ. ಯಾರಾದರೂ ಬೀಜ ತಂದುಕೊಟ್ಟು, "ನಾಲ್ಕು ಸಾಲು ಹಾಕಿ, ನಾನೇ ಬಂದು ಕೊಳ್ಳುತ್ತೇನೆ" ಎಂದರೆ ಒಂದು ಮಾತನ್ನು ನೆನೆಯಿರಿ. ಗಿಡ ಸಿಕ್ಕಿದ ದಿನ ಬೀಜ ಕೊಟ್ಟವನು ಹೊಲದಲ್ಲಿ ಇರುವುದಿಲ್ಲ.

ಕೋರಿಗೆ, ಗುತ್ತಿಗೆಗೆ ಜಮೀನು ಕೊಟ್ಟು ಪಟ್ಟಣದಲ್ಲಿರುವವರೂ ಎಚ್ಚರವಾಗಿರಬೇಕು. ತನ್ನ ಜಮೀನಿನಲ್ಲಿ ಅಕ್ರಮ ಸಾಗುವಳಿ ನಡೆದಿರುವುದು ತಿಳಿದೂ ಪೊಲೀಸರಿಗಾಗಲಿ ಸಂಬಂಧಪಟ್ಟ ಇಲಾಖೆಗಾಗಲಿ ಕೂಡಲೇ ತಿಳಿಸದ ಭೂಹಿಡುವಳಿದಾರನೂ ಶಿಕ್ಷೆಗೆ ಗುರಿಯಾಗುತ್ತಾನೆ.

ಪುಂಡಿಯನ್ನು ಕಂಡು ಗಾಂಜಾ ಎಂದು ಹೆದರುವವರೂ ಇದ್ದಾರೆ. ಎಲೆಯ ಹೋಲಿಕೆಯಿಂದಲೇ ಪುಂಡಿಯ ಸಸ್ಯಶಾಸ್ತ್ರೀಯ ಹೆಸರಿಗೆ 'ಕ್ಯಾನಬಿನಸ್' ಎಂಬ ಪದ ಸೇರಿದೆ. ಪುಂಡಿಯ ಎಲೆ ಆಳವಾಗಿ ಸೀಳಿದ್ದರೂ ಬುಡದಲ್ಲಿ ಕೂಡಿಕೊಂಡಿರುತ್ತದೆ, ರುಚಿ ಹುಳಿ. ಹೂ ದೊಡ್ಡದು, ಮಾಸಲು ಹಳದಿ, ನಡುವೆ ಕಡುಗೆಂಪು. ಭಂಗಿಯ ಎಲೆಯಲ್ಲಿ ಗರಗಸದ ಅಂಚಿನ ಕಿರಿದಾದ ಎಸಳುಗಳು ಒಂದೇ ತೊಟ್ಟಿನಿಂದ ಬಿಡಿಬಿಡಿಯಾಗಿ ಹೊರಡುತ್ತವೆ. ಹೂ ಸಣ್ಣದು, ಹಸಿರು ಬಣ್ಣದ್ದು. ಮುಟ್ಟಿದರೆ ಘಾಟು ವಾಸನೆ.

ಪ್ರವಾಸ ಹೋಗುವವರಿಗೆ ಸಲಹೆಗಳು

1. ಪ್ರವಾಸದ ಉದ್ದೇಶ ಬೇಸಾಯವಾಗಿದ್ದರೆ ಸುಗ್ಗಿಯ ವಾರಗಳಲ್ಲಿ ಮೇಲಿನ ಹಳ್ಳಿಗಳಿಗೆ ಹೋಗಬೇಡಿ. ಆಗ ಪ್ರತಿಯೊಬ್ಬ ಅಪರಿಚಿತನೂ ಅವರಿಗೆ ಗಿರಾಕಿ ಇಲ್ಲವೇ ಪೊಲೀಸ್. ಮಾತು ಬೆಳೆಯುವುದು ಬಿತ್ತನೆಗೆ ಮುಂಚಿನ ಮಾರ್ಚ್, ಏಪ್ರಿಲ್ ತಿಂಗಳಲ್ಲಿ.

2. ಯಾರೇ ಕೊಟ್ಟರೂ ಗಂಟು, ಪೊಟ್ಟಣ, ಡಬ್ಬಿ ಇಟ್ಟುಕೊಳ್ಳಬೇಡಿ. ನೆನಪಿಗೆಂದು ಎಲೆ, ಬೀಜ ಕಿತ್ತು ತರಬೇಡಿ. ಭುಂತರ್ ಮಣಿಕರಣ ರಸ್ತೆಯಲ್ಲಿ ಬಸ್ಸುಗಳ ತಪಾಸಣೆ ಸಾಮಾನ್ಯ.

3. ಮಲಾನಾದಲ್ಲಿ ದೇವಸ್ಥಾನ, ಅದರ ಗೋಡೆ, ಕಟ್ಟೆಗಳನ್ನು ಹೊರಗಿನವರು ಮುಟ್ಟಿದರೆ ದಂಡ ಕಟ್ಟಬೇಕು. ಊರಿನೊಳಗೆ ಹೊರಗಿನವರಿಗೆ ತಂಗಲು ಕೋಣೆ ಕೊಡಬಾರದೆಂದು 2017ರಲ್ಲಿ ದೇವರ ಅಪ್ಪಣೆಯಾಯಿತು. ಇದನ್ನು ಗೌರವಿಸಿ. ಕೇಳದೆ ಚಿತ್ರ ತೆಗೆಯಬೇಡಿ.

4. ಒಬ್ಬರೇ ಕಾಡುದಾರಿ ಹಿಡಿಯಬೇಡಿ. ಪಾರ್ವತಿ ಕಣಿವೆಯಲ್ಲಿ ಹೋದವರು ಮರಳದ ಪ್ರಕರಣಗಳು ಹಲವು. ಹೋಗುವ ಜಾಗ, ಮರಳುವ ದಿನವನ್ನು ತಂಗಿದಲ್ಲಿ ತಿಳಿಸಿ ಹೋಗಿ.

5. ವಿಸ್ತರಣಾ ಕಾರ್ಯಕರ್ತರು ಕುಲ್ಲು ಕಣಿವೆಯ ಬೆಳ್ಳುಳ್ಳಿ, ಬಟಾಣಿ, ದಾಳಿಂಬೆ, ಅಕಾಲದ ತರಕಾರಿ ಬೇಸಾಯವನ್ನು ತಪ್ಪದೆ ನೋಡಬೇಕು. ರಸ್ತೆ ಮತ್ತು ಮಂಡಿ ತಲುಪಿದ ಕಡೆ ರೈತರು ಇವುಗಳಿಂದಲೇ ಬದುಕು ಕಟ್ಟಿಕೊಂಡಿದ್ದಾರೆ.

ಬೆಟ್ಟದೂರಿನ ರೈತನೂ ನಮ್ಮಂತೆಯೇ ಮಳೆ, ಬೆಲೆ, ಸಾಲಗಳ ನಡುವೆ ಬದುಕುವವನು. ಅವನಿಗೆ ಈ ಗಿಡ ಮೊದಲು ಹಗ್ಗವಾಗಿತ್ತು, ಚಟ್ನಿಯಾಗಿತ್ತು. ಅದು ಅಪರಾಧವಾದದ್ದು ಕೊಳ್ಳುವವರು ಬಂದ ಮೇಲೆ. ಪರವಾನಗಿ, ಪರೀಕ್ಷಿಸಿದ ಬೀಜ, ಬರಹದ ಖರೀದಿ ಒಪ್ಪಂದ, ಈ ಮೂರೂ ಕೈಯಲ್ಲಿಲ್ಲದೆ ಯಾರೂ ಈ ಬೆಳೆಯ ಕಡೆ ಕಾಲಿಡಬಾರದು. ನಾರಿನ ಬೆಳೆ ಬೇಕೆನ್ನುವವರಿಗೆ ನಮ್ಮ ಪುಂಡಿ, ಸೆಣಬು ಇದ್ದೇ ಇವೆ. ಅವುಗಳ ಬಗ್ಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.